ಕೈದಿ ಬಸ್ಸು ಹೊಡೆದ ದಿನ

ಕೆಲಸ ಮಾಡಕೂಡದೆಂದು ಅಪ್ಪಣೆಯಾದ ಮೇಲೂ ಕೆಲಸ ಮಾಡಿದನೆಂಬ ಅಪರಾಧಕ್ಕೆ ಆಪಾದನೆ ಹೊತ್ತು ನಿಂತ ಪೊಲೀಸನನ್ನು ನೀವು ಎಂದಾದರೂ ಕಂಡಿದ್ದೀರಾ?

ನಾನು ಕಂಡಿದ್ದೇನೆ. ಕಂಡದ್ದಷ್ಟೇ ಅಲ್ಲ, ಅವರ ಪರವಾಗಿ ಎದ್ದು ನಿಂತು ವಾದಿಸಿದ್ದೇನೆ. ವಾದಿಸುತ್ತಿರುವಾಗಲೇ ನಗು ತಡೆಯಲಾರದೆ ಕೆಮ್ಮಿನ ನೆಪ ಹೂಡಿ ಹೊರಗೆ ಹೋಗಿ ಬಂದಿದ್ದೇನೆ. ಪೊಲೀಸ್ ಇಲಾಖೆಗೆ ಹೊಸದಾಗಿ ಸೇರುವ ತರುಣ ತರುಣಿಯರು ನನ್ನನ್ನು ಕಾಣಲು ಬಂದಾಗಲೆಲ್ಲ ಕೊಲೆ, ದರೋಡೆಗಳ ಕಥೆ ಕೇಳುತ್ತಾರೆ. ನಾನು ಅವರಿಗೆ ಅಮಾನತಿನ ಕಥೆ ಹೇಳುತ್ತೇನೆ. ಕೊಲೆ ನಿಮ್ಮ ಠಾಣೆಯ ಸರಹದ್ದಿನಲ್ಲಿ ನಡೆಯಬಹುದು, ನಡೆಯದೆಯೂ ಇರಬಹುದು. ಅಮಾನತು ಮಾತ್ರ ಇಂದಲ್ಲ ನಾಳೆ ನಿಮ್ಮ ಪಕ್ಕದ ಕುರ್ಚಿಗೆ ಬಂದು ಕುಳಿತೇ ತೀರುತ್ತದೆ.

ನಿಯಮದ ಪುಸ್ತಕ ಹೇಳುವುದೇನೆಂದರೆ, ಅಮಾನತು ಶಿಕ್ಷೆಯಲ್ಲ. ಇಲಾಖಾ ವಿಚಾರಣೆ ನಿರ್ವಿಘ್ನವಾಗಿ ಸಾಗಲೆಂದು ನೌಕರನನ್ನು ಕೆಲಕಾಲ ದೂರವಿಡುವ ಏರ್ಪಾಡು. ಮಾತು ಅತ್ಯಂತ ಸೊಗಸಾಗಿದೆ. ಆದರೆ ಶಿಕ್ಷೆಗಾದರೂ ಮುಗಿಯುವ ದಿನವೊಂದಿರುತ್ತದೆ. ಅಮಾನತು ಮಾಡಲು ಒಬ್ಬರಿಗೆ ಸಿಟ್ಟು ಬಂದರೆ ಸಾಕು. ಅದನ್ನು ತೆಗೆಯಲು ಒಬ್ಬರಿಗೆ ನೆನಪಾಗಬೇಕು. ಸಿಟ್ಟಿನಷ್ಟು ಸುಲಭವಾಗಿ ನೆನಪು ಬರುವುದಿಲ್ಲ.

ನಮ್ಮದು ಪೌರೋಹಿತ್ಯದ ಮನೆತನ. ತಂದೆಯವರು ಮನೆಯ ಪಡಸಾಲೆಯಲ್ಲಿ ತರ್ಕಶಾಸ್ತ್ರದ ಪಾಠ ಹೇಳುತ್ತಿದ್ದರು. ನಾನು ಧಾರವಾಡದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳ ಢಾಲುಗಳನ್ನು ಹೊತ್ತು ತರುತ್ತಿದ್ದೆ. ವಿಷಯದ ಪರವಾಗಿ ಅರ್ಧ ತಾಸು, ವಿರೋಧವಾಗಿ ಅರ್ಧ ತಾಸು ಒಂದೇ ಉಸಿರಿನಲ್ಲಿ ಮಾತಾಡಬಲ್ಲೆನೆಂಬ ಹೆಮ್ಮೆ ನನಗಿತ್ತು. ಇಲಾಖೆಯನ್ನು ಒಳಗಿನಿಂದಲೇ ತಿದ್ದಬೇಕೆಂಬ ಹುರುಪಿನಲ್ಲಿ ಫೌಜದಾರನಾಗಿ, ಅಂದರೆ ಸಬ್ ಇನ್ಸ್‌ಪೆಕ್ಟರನಾಗಿ, ಸೇರಿದಾಗ ತಂದೆಯವರು ಹೇಳಿದ್ದು ಇಷ್ಟೇ: "ಪೂರ್ವಪಕ್ಷಾ, ಅಂದ್ರ ಎದುರಿನವರ ವಾದಾ, ಇಷ್ಟು ಚಂದ ಮಂಡಿಸಾಂವ ಪೊಲೀಸ ಆದ ಅಂದ್ರ, ಇನ್ನ ಕಳ್ಳರ ಕಾಳಜಿ ನಾವ್ಯಾರೂ ಮಾಡೂದು ಬ್ಯಾಡ."

ಕಳ್ಳರಿಗಿಂತ ಮೊದಲು ನನ್ನ ಪಾಂಡಿತ್ಯ ಒದಗಿದ್ದು ಪೊಲೀಸರಿಗೆ. ವಿಚಾರಣೆ ಎದುರಿಸುವ ನೌಕರನು ತನ್ನ ಪರ ಮಾತಾಡಲು ಸಹೋದ್ಯೋಗಿಯೊಬ್ಬನನ್ನು ಕರೆದುಕೊಳ್ಳಬಹುದೆಂಬ ಸವಲತ್ತು ಇದೆ. ಕಿತ್ತೂರಿಗೆ ಬಂದ ಹೊಸದರಲ್ಲಿ ನನಗೆ ಮೊದಲು ದೊರೆತ ಪ್ರಕರಣ ಆಡಿನದು. ಮೇಲಧಿಕಾರಿಯೊಬ್ಬರು ತಪಾಸಣೆಗೆ ಬಂದಿದ್ದರು. ಪಹರೆಯ ಪೇದೆ ಶಿವಲಿಂಗ ಬಂದೂಕು ಎತ್ತಿ ಸಲಾಮಿನಲ್ಲಿ ಕಂಬದಂತೆ ನಿಂತಿದ್ದ. ಅವನ ಎದುರಿಗೇ ಒಂದು ಆಡು ಅಂಗಳಕ್ಕೆ ಬಂದು, ಮೇಜಿನ ಮೇಲಿದ್ದ ಸಾಹೇಬರ ಭಾಷಣದ ಹಾಳೆಗಳನ್ನು ಒಂದೊಂದಾಗಿ, ವಿರಾಮಚಿಹ್ನೆಗಳ ಸಹಿತ, ತಿಂದು ಮುಗಿಸಿತು.

"ಆಡು ಬರೋದು ನಿನಗೆ ಕಾಣಿಸಲಿಲ್ಲವೇನಯ್ಯ?" ಎಂದರು ಸಾಹೇಬರು.

"ಕಂಡೇತ್ರಿ."

"ಮತ್ತೆ ಓಡಿಸಲಿಲ್ಲ ಯಾಕೆ?"

"ನಿಮಗ ಸಲಾಮು ಹೊಡ್ಯಾಕ ಹತ್ತಿದ್ನಿರಿ."

ಸಂಜೆಯೊಳಗೆ ಶಿವಲಿಂಗ ಅಮಾನತಿನಲ್ಲಿದ್ದ. ನಾನು ವಿಚಾರಣೆಯಲ್ಲಿ ಒಂದೇ ಪ್ರಶ್ನೆ ಎತ್ತಿದೆ: ಅವನು ಸಲಾಮು ಬಿಟ್ಟು ಆಡಿನ ಬೆನ್ನಟ್ಟಿದ್ದರೆ ಇಲಾಖೆ ಅವನನ್ನು ಸುಮ್ಮನೆ ಬಿಡುತ್ತಿತ್ತೇ? ಉತ್ತರ ಎಲ್ಲರಿಗೂ ಗೊತ್ತಿತ್ತು. ಮೇಲಾಗಿ ಅಂದು ಹಾಳೆಯಿಲ್ಲದೆ ಸಾಹೇಬರು ಮಾಡಿದ ಭಾಷಣ ಎಷ್ಟು ಚಿಕ್ಕದಾಗಿತ್ತೆಂದರೆ, ಠಾಣೆಯ ಮಂದಿಯೆಲ್ಲ ಆಡಿನ ಮಾಲೀಕನಿಗೆ ಒಳಗೊಳಗೇ ಕೃತಜ್ಞರಾಗಿದ್ದರು. ಶಿವಲಿಂಗ ಪಾರಾದ, ನನ್ನ ಹೆಸರು ಅಮಾನತಾದವರ ವಕೀಲನೆಂದು ತಾಲೂಕು ದಾಟಿ ಹೋಯಿತು.

ಆ ಹೆಸರನ್ನು ಕೇಳಿಯೇ ಹವಾಲ್ದಾರ ಭೀಮಪ್ಪ ನನಗೆ ಹೇಳಿಕಳಿಸಿದ್ದು. ಎಪ್ಪತ್ತರ ದಶಕದ ನಡುವಿನ ಒಂದು ಬೇಸಿಗೆ. ಅವರು ರಾಮದುರ್ಗದಲ್ಲಿ ಹವಾಲ್ದಾರರಾಗಿದ್ದರು. ಸಂತೆಯಲ್ಲಿ ಹೊಡೆದಾಡಿದ ಆಪಾದನೆಯ ಮೇಲೆ ಬಂಧನದಲ್ಲಿದ್ದ ಮಲ್ಲೇಶಿ ಎಂಬವನನ್ನು ಸವದತ್ತಿಯ ಕೋರ್ಟಿಗೆ ಹಾಜರುಪಡಿಸುವ ಕೆಲಸ ಅವರ ಪಾಲಿಗೆ ಬಂದಿತ್ತು. ಜೊತೆಗೊಬ್ಬ ಪೇದೆ. ಆಗ ನಮಗೆ ಜೀಪುಗಳೆಲ್ಲಿ? ಕೈದಿಗೆ ಬೇಡಿ ತೊಡಿಸಿ, ಸೊಂಟಕ್ಕೆ ಹಗ್ಗ ಕಟ್ಟಿ, ಎಲ್ಲರ ಹಾಗೆ ಟಿಕೆಟು ತೆಗೆಸಿ, ಕಟಕೋಳದ ಮೇಲೆ ಸುತ್ತಿ ಹೋಗುವ ಸರಕಾರಿ ಬಸ್ಸಿನಲ್ಲಿ ಒಯ್ಯುತ್ತಿದ್ದೆವು.

ಕಟಕೋಳದಲ್ಲಿ ಬಸ್ಸು ನಿಂತಾಗ ಚಾಲಕ ಹುಸೇನಸಾಬ ಚಹಾ ಕುಡಿದು ಬಂದು, ರೂಢಿಯಂತೆ ಚಪ್ಪಲಿ ಬಿಟ್ಟು, ಬರಿಗಾಲನ್ನು ಪೆಡಲಿನ ಮೇಲಿಟ್ಟ. ಯಾರೋ ಮುಂದಿನ ಸೀಟಿನ ಅಡಿ ತುರುಕಿದ್ದ ಹತ್ತಿಕಟ್ಟಿಗೆಯ ಹೊರೆಯಿಂದ ಇಳಿದು ಬಂದ ಕೆಂಪು ಚೇಳು ಅಲ್ಲಿ ಕಾದಿತ್ತು. ಹಟಮಾರಿ ಮನುಷ್ಯ, ಕಚ್ಚಿದ ಮೇಲೂ ಒಂದಷ್ಟು ದೂರ ಬಸ್ಸು ನಡೆಸಿದ. ಊರು ಹಿಂದಾಗಿ, ಮುಂದಿನ ಊರು ಇನ್ನೂ ಕಾಣದ ಬಯಲಿನಲ್ಲಿ ಬಸ್ಸು ನಿಲ್ಲಿಸಿ ಪಕ್ಕಕ್ಕೆ ಉರುಳಿದ. ಮೈಯೆಲ್ಲ ತಣ್ಣನೆಯ ಬೆವರು, ಬಾಯಿಯಲ್ಲಿ ನೊರೆ. ನಮ್ಮ ಕಡೆಯ ಕೆಂಪು ಚೇಳನ್ನು ಬಲ್ಲವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಕಂಡಕ್ಟರು ಗಾಬರಿಯಿಂದ ಬಸ್ಸಿಗೆಲ್ಲ ಕೇಳುವಂತೆ ಕೂಗಿದ: "ಯಾರಿಗರ ಗಾಡಿ ಹೊಡ್ಯಾಕ ಬರ್ತೈತೇನ್ರಪಾ?"

ಹಿಂದಿನ ಸೀಟಿನಿಂದ ಮಲ್ಲೇಶಿ ಎರಡೂ ಕೈ ಎತ್ತಿದ. ಒಂದನ್ನೇ ಎತ್ತುವ ಸೌಲಭ್ಯ ಅವನಿಗಿರಲಿಲ್ಲ.

"ನನಗ ಬರ್ತೈತ್ರಿ. ನಾ ಲಾರಿ ಡ್ರೈವರ."

ಭೀಮಪ್ಪ ಅವನನ್ನೂ, ಉರುಳಿದ್ದ ಹುಸೇನಸಾಬನನ್ನೂ ಒಮ್ಮೆ ನೋಡಿದರು.

"ಓಡಿ ಹೋಗ್ತಿ ಏನಲೇ?"

"ಬಸ್ ಬಿಟ್ಟು ಓಡಿ ಹೋಗಲ್ಯೋ, ಬಸ್ ತಗೊಂಡ ಹೋಗಲ್ಯೋ, ಅದನ್ನರ ಹೇಳ್ರಿ ಹವಾಲ್ದಾರ್ರ."

"ಚಾಷ್ಟಿ ಸಾಕು. ಏಳು."

ಬೇಡಿ ಕಳಚಿತು. ಮಲ್ಲೇಶಿ ಚಾಲಕನ ಸ್ಥಾನದಲ್ಲಿ ಕುಳಿತ. ಅವನ ಸೊಂಟದ ಹಗ್ಗದ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಭೀಮಪ್ಪ ಪಕ್ಕದ ಎಂಜಿನ್ ಪೆಟ್ಟಿಗೆಯ ಮೇಲೆ ಕುಳಿತರು. ಪೇದೆ ಬಾಗಿಲಿಗೆ ಅಡ್ಡ ನಿಂತ. ಬಸ್ಸನ್ನು ಕೈದಿ ನಡೆಸುತ್ತಿದ್ದ, ಕೈದಿಯನ್ನು ಹವಾಲ್ದಾರರು ನಡೆಸುತ್ತಿದ್ದರು. ಸವದತ್ತಿಯ ಪೇಟೆಗೆ ಒಣಮೆಣಸಿನಕಾಯಿ ಮಾರಲು ಹೊರಟಿದ್ದ ಕಟಕೋಳದ ನಿಂಗವ್ವ ಹುಸೇನಸಾಬನ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ಅವನನ್ನು ಬೈಯುತ್ತ ಎಚ್ಚರವಾಗಿಡಲು ನೋಡಿದಳು. ಮೊದಲು ಆಸ್ಪತ್ರೆ, ಆಮೇಲೆ ಕೋರ್ಟು. ಡಾಕ್ಟರು ಕೈತೊಳೆದುಕೊಳ್ಳುತ್ತ, ಇನ್ನು ಸ್ವಲ್ಪ ತಡವಾಗಿದ್ದರೆ ನನ್ನ ಕೆಲಸ ಹಗುರಾಗುತ್ತಿತ್ತು ಎಂದರಂತೆ.

ಕೋರ್ಟಿನ ಮುಂದೆ ಮಲ್ಲೇಶಿ ಬಸ್ಸನ್ನು ಹಿಮ್ಮುಖವಾಗಿ, ಒಂದು ಗೇಣು ಅತ್ತಿತ್ತ ಆಗದಂತೆ, ಬೇವಿನ ಮರದ ನೆರಳಿಗೆ ತಂದು ನಿಲ್ಲಿಸಿ ಇಳಿದು ಎರಡೂ ಕೈ ಮುಂದೆ ಚಾಚಿದ. "ಹಾಕ್ರಿ ಲಗೂ. ಒಳಗ ಹೆಸರ ಕೂಗಾಕತ್ತಾರ."

ಎದುರಿನ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದ ನಮ್ಮ ಇಲಾಖೆಯ ಅಧಿಕಾರಿಯೊಬ್ಬರು ಇದನ್ನೆಲ್ಲ ಕಣ್ಣಾರೆ ಕಂಡರು. ಅವರ ಚಹಾ ಆರುವ ಮೊದಲೇ ವರದಿ ಹೋಯಿತು. ಕೈದಿಯ ಬೇಡಿ ತೆಗೆದದ್ದು; ಸರಕಾರದ ಬಸ್ಸನ್ನು ಕೈದಿಯ ವಶಕ್ಕೆ ಕೊಟ್ಟದ್ದು; ಪ್ರಯಾಣಿಕರ ಜೀವವನ್ನು ಅಪಾಯಕ್ಕೆ ಒಡ್ಡಿದ್ದು. ಹವಾಲ್ದಾರ ಭೀಮಪ್ಪ ಅಮಾನತಿನಲ್ಲಿ. ಅಮಾನತಿನ ಅವಧಿಯಲ್ಲಿ ಅವರು ಬೈಲಹೊಂಗಲದಲ್ಲೇ ಇರಬೇಕು, ಅಲ್ಲಿನ ಪೊಲೀಸ್ ಕಚೇರಿಯಲ್ಲಿ ನಿತ್ಯ ಹಾಜರಿ ಹಾಕಬೇಕು, ಅನುಮತಿಯಿಲ್ಲದೆ ಊರು ಬಿಡಕೂಡದು.

ಅವರ ನಿವೃತ್ತಿಗೆ ವರ್ಷವೂ ಉಳಿದಿರಲಿಲ್ಲ. ಅಷ್ಟರಲ್ಲಿ ವಿಚಾರಣೆ ಮುಗಿಯದಿದ್ದರೆ ಅಮಾನತಿನಲ್ಲೇ ಮನೆಗೆ ಹೋಗಬೇಕು. ತೀರ್ಪು ವಿರುದ್ಧವಾದರೆ ನೌಕರಿಯಿಂದಲೇ ವಜಾ.

"ನಮ್ಮಪ್ಪ ಊರ ವಾಲೀಕಾರಕಿ ಮಾಡ್ತಿದ್ದ ಸಾಹೇಬ್ರ," ಎಂದರು ಭೀಮಪ್ಪ, ನಾನು ಬೈಲಹೊಂಗಲಕ್ಕೆ ಹೋಗಿ ಕಂಡ ಮೊದಲ ಭೇಟಿಯಲ್ಲೇ. "ಯಾರ ಕರದ್ರೂ ಓಡಬೇಕು, ಹೊರಗ ನಿಂದರಬೇಕು. ಆ ಮನಿಗೆ ಖಾಕಿ ಹಾಕ್ಕೊಂಡ ಹ್ವಾದ ಮೊದಲನೇದಾವ ನಾನು. ಖಾಕಿ ಮ್ಯಾಲೇ ಪೆನ್ಶನ್ ಆಗಬೇಕ್ರಿ. ಮತ್ತೇನ ಬ್ಯಾಡ."

ನಾನು ಆವೇಶದಿಂದ ಒಪ್ಪಿಕೊಂಡೆ. ನನ್ನ ವಾದ ಆಗಲೇ ಸಿದ್ಧವಾಗುತ್ತಿತ್ತು: ಜೀವರಕ್ಷಣೆ ಪೊಲೀಸನ ಮೊದಲ ಕರ್ತವ್ಯ, ಬೇಡಿ ಅದರ ಸಾಧನ ಮಾತ್ರ. ಆದರೆ ಒಂದು ತೊಡಕಿತ್ತು. ಹುಸೇನಸಾಬ ಗುಣವಾಗಿ ಬಂದವನು ತನ್ನ ಇಲಾಖೆಗೆ ನಡೆದದ್ದನ್ನು ಹೇಳಿರಲಿಲ್ಲ. ಬಸ್ಸು ಹೊತ್ತಿಗೆ ಸರಿಯಾಗಿ ಸವದತ್ತಿ ಮುಟ್ಟಿದೆ, ನಾನೇ ನಡೆಸಿದ್ದೇನೆ, ಮುಟ್ಟಿದ ಮೇಲೆ ಜ್ವರ ಬಂದು ರಜೆ ಹಾಕಿದ್ದೇನೆ ಎಂದು ಬರೆದುಕೊಟ್ಟಿದ್ದ. ಕಂಡಕ್ಟರನೂ ಹಾಗೆಯೇ ಹೇಳಿದ್ದ. ಕೈದಿಯ ಕೈಗೆ ಬಸ್ಸು ಕೊಟ್ಟನೆಂದು ತಿಳಿದರೆ ಹುಸೇನಸಾಬನ ನೌಕರಿಗೂ ಕುತ್ತು. ಹೀಗಾಗಿ ಸರಕಾರದ ಒಂದು ಇಲಾಖೆಯ ಪ್ರಕಾರ ಕೈದಿ ಬಸ್ಸು ನಡೆಸಿದ್ದ, ಇನ್ನೊಂದರ ಪ್ರಕಾರ ಚಾಲಕ ನಡೆಸಿದ್ದ, ಬಸ್ಸೊಂದೇ, ದಾರಿಯೊಂದೇ.

"ಹುಸೇನಸಾಬನನ್ನು ಸಾಕ್ಷಿಗೆ ಕರೆಯೋಣ," ಎಂದೆ.

"ಬ್ಯಾಡ್ರಿ."

"ಅವನು ಸಾಯುತ್ತಿದ್ದ ಎಂಬುದನ್ನು ಅವನೇ ಹೇಳಬೇಕು."

"ಅಂವಾ ಹೇಳಿದ್ರ ಅವನ್ನೂ ಮನೀಗೆ ಕಳಸ್ತಾರ. ಬದುಕಿಸಿದ್ದು ಉಪಾಸ ಕೆಡವಾಕೇನ್ರಿ? ಡಾಕ್ಟರ ಚೀಟೀನೂ ತರಬ್ಯಾಡ್ರಿ. ಹೋದ್ರ ನಂದೊಂದ ಹೋಗಲಿ."

"ಹಾಗಾದರೆ ಅವನೂ ಕಂಡಕ್ಟರನೂ ಹೇಳುವಂತೆ, ಹುಸೇನಸಾಬನೇ ಬಸ್ಸು ನಡೆಸಿದ ಎಂದು ನೀವೂ ಹೇಳಿಬಿಡುತ್ತೀರಾ? ಇಬ್ಬರೂ ಉಳಿಯುತ್ತೀರಿ."

ಭೀಮಪ್ಪ ನನ್ನನ್ನು ಕನಿಕರದಿಂದ ನೋಡಿದರು. "ನೀವು ಬಾಳ ಓದಿದಾವ್ರು, ಹಂಗ ಅಂತೀರಿ. ನಾ ಮಾಡಿದ್ದು ಮಾಡೇನಿ. ಇಲ್ಲ ಅನ್ನಂಗಿಲ್ಲ."

ಸುಳ್ಳನ್ನೂ ಹೇಳಬಾರದು, ಸತ್ಯವನ್ನೂ ಪೂರ್ತಿ ಹೇಳಬಾರದು! ಎರಡೂ ಪಕ್ಷಗಳನ್ನು ವಾದಿಸಬಲ್ಲೆನೆಂಬ ನನ್ನ ಹೆಮ್ಮೆಗೆ ಯಾವ ಪಕ್ಷವೂ ಇಲ್ಲದ ಕಕ್ಷಿದಾರ ಸಿಕ್ಕಿದ್ದ.

ಅಷ್ಟರಲ್ಲಿ ಬೈಲಹೊಂಗಲದಿಂದ ಹೊಸ ಸುದ್ದಿ ಬಂತು. ಹಾಜರಿ ಹಾಕಿದ ಮೇಲೆ ಮಾಡಲು ಏನೂ ಇಲ್ಲದ ಭೀಮಪ್ಪ ಧೋತರ, ಬಿಳಿ ಟೋಪಿ ತೊಟ್ಟು ಕಚೇರಿಯ ಹೊರಗಿನ ಕಟ್ಟೆಯ ಮೇಲೆ ಕುಳಿತಿರುತ್ತಿದ್ದರು. ದೊಡವಾಡದ ಕಡೆಯ ರೈತನೊಬ್ಬ, ಪಕ್ಕದವನ ಎಮ್ಮೆ ತನ್ನ ಬೆಳೆಗೆ ಬಿದ್ದ ದೂರು ಹೊತ್ತು ಬಂದವನು, ಅವರ ಎದುರಿಗೆ ಕುಕ್ಕರಗಾಲಲ್ಲಿ ಕುಳಿತ.

"ನೀವ ಒಂದ ಮಾತ ಹೇಳಿ ಹರೀರಿ ಹವಾಲ್ದಾರ್ರ."

"ನಾ ಸಸ್ಪೆಂಡ್ ಆಗೇನಿ ತಮ್ಮಾ."

"ಹಂಗಂದ್ರ?"

"ನಾ ಇಲ್ಲೇ ಇರತೇನಿ, ಆದ್ರ ಕೆಲಸ ಮಾಡಂಗಿಲ್ಲ."

"ನಮ್ಮ ಮನಿ ಅಳಿಯಾನೂ ಹಂಗ ಅದಾನ್ರಿ," ಎಂದ ರೈತ. "ಅದಿರಲಿ, ಎಮ್ಮಿ ವಿಷಯ ಕೇಳ್ರಿ."

ಭೀಮಪ್ಪ ಕೇಳಿದರು. ಎಮ್ಮೆಯವನನ್ನೂ ಕರೆಸಿ ಇಬ್ಬರಿಗೂ ಒಂದೊಂದು ಬೈಗುಳ, ಒಂದೊಂದು ಬೀಡಿ ಕೊಟ್ಟು ವ್ಯಾಜ್ಯ ಮುಗಿಸಿದರು. ಮರುದಿನ ಇನ್ನಿಬ್ಬರು ಬಂದರು. ಕೆಲವೇ ದಿನಗಳಲ್ಲಿ ಕಟ್ಟೆಯ ಮೇಲೆ ಸರತಿ. ಸಮವಸ್ತ್ರವಿಲ್ಲ, ಲಾಠಿಯಿಲ್ಲ, ಅಧಿಕಾರವಂತೂ ಇಲ್ಲವೇ ಇಲ್ಲ; ಆದರೆ ಕೇಳುವ ಪುರುಸೊತ್ತು ಇತ್ತು. ಅದರ ಫಲವಾಗಿ ಆಪಾದನೆಗಳ ಸಾಲಿಗೆ ಇನ್ನೊಂದು ಸೇರಿತು: ಅಮಾನತಿನಲ್ಲಿದ್ದೂ ಪೊಲೀಸ್ ಕರ್ತವ್ಯ ನಿರ್ವಹಿಸಿದ್ದು. ಅದನ್ನು ಓದಿದಾಗಲೇ ನನಗೆ ಮೇಲೆ ಹೇಳಿದ ಕೆಮ್ಮು ಮೊದಲ ಸಲ ಬಂದದ್ದು.

ಊರಿನವರು ಸರತಿಯಲ್ಲಿ ನಿಂತರೂ ಇಲಾಖೆಯವರು ಸುಳಿಯುತ್ತಿರಲಿಲ್ಲ. ಒಮ್ಮೆ ನಾನು ಅವರ ಬಾಡಿಗೆ ಕೋಣೆಗೆ ಹೋದಾಗ ಅವರ ಹೆಂಡತಿ ಗಂಗವ್ವ ರೊಟ್ಟಿ ಬಡಿಯುತ್ತ ಕೇಳಿದಳು: "ಇವ್ರ ಕೂಡ ಒಂದ ತಾಟಿನ್ಯಾಗ ಉಂಡಾವ್ರು ಈಗ ಆಚಿ ದಂಡಿ ಹಿಡದು ಹೊಕ್ಕಾರ್ರಿ ಸಾಹೇಬ್ರ. ಸಸ್ಪೆಂಡ್ ಅಂಬೂದೇನ್ ಸಿಡಬೇನ್ರಿ, ಹತ್ತಾಕ?" ನಾನು ಅವಳ ಒಲೆಯ ಮುಂದೆಯೇ ಕುಳಿತೆ. ನೀಡಿದ ರೊಟ್ಟಿಯನ್ನು ತಿಂದೆ.

ವಿಚಾರಣೆ ಸವದತ್ತಿಯ ಸರಕಾರಿ ಬಂಗಲೆಯಲ್ಲಿ ಎಂದು ನಿಶ್ಚಯವಾಯಿತು. ಆದರೆ ಭೀಮಪ್ಪ ಬೈಲಹೊಂಗಲ ಬಿಡಲು ಅನುಮತಿ ಬೇಕು. ಅವರು ಬಾರದಿದ್ದರೆ ವಿಚಾರಣೆ ತಪ್ಪಿಸಿಕೊಂಡರೆಂದಾಗುತ್ತದೆ. ಅನುಮತಿಯಿಲ್ಲದೆ ಬಂದರೆ ಅಮಾನತಿನ ಷರತ್ತು ಮುರಿದಂತಾಗುತ್ತದೆ. ಈ ಕಗ್ಗಂಟನ್ನು ಬಿಡಿಸಲು ನಾನು ಎಷ್ಟು ಬಸ್ಸು ಹತ್ತಿ ಇಳಿದೆನೋ ದೇವರಿಗೇ ಗೊತ್ತು. ಅನುಮತಿ ಹಿಂದಿನ ದಿನ ಕೈಗೆ ಬಂತು.

ವಿಚಾರಣಾಧಿಕಾರಿಯಾಗಿ ಬಂದವರು ಮೈಸೂರು ಕಡೆಯ ಹಿರಿಯ ಡಿವೈಎಸ್ಪಿ ಸಾಹೇಬರು. ಮಿತಭಾಷಿ, ಕಟ್ಟುನಿಟ್ಟಿನವರು, ಆದರೆ ಊಟದ ನಂತರ ಸ್ವಲ್ಪ ಮೃದುವಾಗುತ್ತಾರೆಂಬ ಪ್ರತೀತಿ. ಅವರ ಜೀಪು ಬಂಗಲೆಯ ಆವರಣಕ್ಕೆ ತಿರುಗಿದ್ದೇ ತಡ, ಹಲಗೆ ವಾದ್ಯದ ಸದ್ದು ಎದ್ದಿತು. ನೋಡಿದರೆ ಒಂದು ಬಸ್ಸಿನ ತುಂಬ ಜನ. ಕಟಕೋಳದವರು, ಸುತ್ತಲಿನ ಹಳ್ಳಿಗಳವರು. ಕೈಯಲ್ಲಿ ಚೆಂಡುಹೂವಿನ ಹಾರ, ಕಾಯಿ, ಜರಿಯ ಪಟಕ. ಇಲಾಖೆ ಸಾಕ್ಷಿಗೆ ಕರೆದದ್ದು ನಿಂಗವ್ವ, ಮಲ್ಲೇಶಿ ಮತ್ತು ಒಬ್ಬಿಬ್ಬರನ್ನು. ಬಂದದ್ದು ಆ ದಿನದ ಇಡೀ ಬಸ್ಸು.

ಸಾಹೇಬರ ಮುಖ ಅರಳಿತು. "ಏನ್ರೀ ಇದೆಲ್ಲ, ಇಷ್ಟೊಂದು ಯಾಕೆ ಮಾಡೋಕೆ ಹೋದ್ರಿ," ಎನ್ನುತ್ತ ಟೋಪಿ ತೆಗೆದು ಕುತ್ತಿಗೆ ಬಾಗಿಸಿದರು.

ಹಾರ ಹಿಡಿದ ನಿಂಗವ್ವ ಅವರನ್ನು ವಿನಯದಿಂದ ನೋಡಿದಳು. "ನಿಮಗಲ್ರಿ ಸಾಹೇಬ್ರ. ತುಸು ಆಚೆ ಸರೀರಿ, ಹವಾಲ್ದಾರ್ರು ನಿಮ್ಮ ಹಿಂದ ಅದಾರ."

ಸಾಹೇಬರು ಸರಿದರು. ಹಾರ ಭೀಮಪ್ಪನವರ ಕೊರಳಿಗೆ ಬಿತ್ತು, ಪಟಕ ತಲೆಗೇರಿತು. ಆಪಾದಿತ ನೌಕರನೊಬ್ಬ ಮದುಮಗನಂತೆ ಶೃಂಗಾರಗೊಂಡು ವಿಚಾರಣೆಗೆ ಕುಳಿತದ್ದು ನಮ್ಮ ಇಲಾಖೆಯ ಚರಿತ್ರೆಯಲ್ಲಿ ಅದೇ ಮೊದಲಿರಬೇಕು. ಜನರ ತರ್ಕವಾದರೂ ನಿರ್ದೋಷವಾಗಿತ್ತು. ಹವಾಲ್ದಾರರು ಒಂದು ಜೀವ ಉಳಿಸಿದ್ದಾರೆ. ಅದರ ಬಗ್ಗೆ ಕೇಳಲು ದೊಡ್ಡ ಸಾಹೇಬರು ದೂರದಿಂದ ಬರುತ್ತಿದ್ದಾರೆ. ಅಂದಮೇಲೆ ಸತ್ಕಾರಕ್ಕಲ್ಲದೆ ಇನ್ನೇತಕ್ಕೆ ಬರುತ್ತಾರೆ? ಜೀವ ಉಳಿಸಿದವನನ್ನು ಶಿಕ್ಷಿಸಲು ಯಾರಾದರೂ ಊರೂರಿನಿಂದ ಜನರನ್ನು ಕರೆಸುವುದುಂಟೇ? ನನ್ನ ತಂದೆಯವರು ಕೂಡ ಈ ತರ್ಕಸರಣಿಯಲ್ಲಿ ದೋಷ ಹುಡುಕಲಾರರು.

ದೋಷ ಕಂಡದ್ದು ಸಾಕ್ಷಿ ಆರಂಭವಾದ ಮೇಲೆ.

"ಬೇಡಿ ತೆಗೆದದ್ದನ್ನು ನೀವು ನೋಡಿದಿರಾ?" ಎಂದು ಸಾಹೇಬರು ಕೇಳಿದರು.

"ನೋಡೂದೇನ್ರಿ, ಜಂಗ ಹಿಡದು ಕೀಲಿ ತಿರಗವಲ್ದಾಗಿತ್ತು," ಎಂದಳು ನಿಂಗವ್ವ. "ನಾನ ನನ್ನ ಕುಸುಬಿ ಎಣ್ಣಿ ಬಿಟ್ಟೇನಿ. ಆಮ್ಯಾಲೆ ಬೆಣ್ಣಿಹಂಗ ಬಂತು."

"ಅಲುಗಾಡದಂಗ ಕೈ ಹಿಡಕೊಂಡಾವ ನಾನರಿ," ಎಂದ ಹಿಂದಿನಿಂದ ಒಬ್ಬ. "ಬರಕೋರಿ, ನನ್ನ ಹೆಸರೂ ಬರಕೋರಿ." ಪುಣ್ಯದ ಕೆಲಸದಲ್ಲಿ ತನ್ನ ಪಾಲು ತಪ್ಪಬಾರದೆಂದು ಒಬ್ಬೊಬ್ಬರಾಗಿ ಎಲ್ಲರೂ ಅಪರಾಧದಲ್ಲಿ ಪಾಲು ಕೇಳತೊಡಗಿದರು.

ಸಾಹೇಬರು ನನ್ನ ಕಡೆ ತಿರುಗಿದರು. "ಇವರು ನಿಮ್ಮ ಸಾಕ್ಷಿಗಳೋ, ಇಲಾಖೆಯ ಸಾಕ್ಷಿಗಳೋ?"

"ಇಲಾಖೆಯ ಸಾಕ್ಷಿಗಳು ಸರ್."

"ಹಾಗಾದರೆ ಇಲಾಖೆ ಗೆದ್ದಿತು ಬಿಡಿ."

ಮಲ್ಲೇಶಿ ಸಂತೆಯ ಹೊಡೆದಾಟದ ಆಪಾದನೆಯಿಂದ ಅಷ್ಟರಲ್ಲಿ ಬಿಡುಗಡೆಯಾಗಿದ್ದ. ತಪ್ಪಿಸಿಕೊಳ್ಳುವ ಯೋಚನೆ ಬರಲಿಲ್ಲವೇ ಎಂದು ಸಾಹೇಬರು ಕೇಳಿದರು.

"ಯೋಚನಿ ಮಾಡಾಕ ಬಿಟ್ರ ಹೌದಲ್ರಿ. ಒಬ್ಬಾಕಿ ಮೆಲ್ಲಕ ಹೊಡಿ ಗಡಗಿ ಒಡೀತಾವ ಅಂತಾಳ, ಒಬ್ಬಾವ ನಮ್ಮ ಹೊಲದ ಮುಂದ ನಿಂದರಸು ಅಂತಾನ, ಇವ್ರು ಒಂದ ಸಮನ ಹಗ್ಗ ಜಗ್ತಾರ. ಸವದತ್ತಿ ಬರೂದರಾಗ ನನಗ ಜೇಲ ಬಾಳ ಛಲೋ ಅನಸ್ತ್ರಿ."

ನಾನು ಎದ್ದು ನಿಂತೆ. ಕರ್ತವ್ಯ ಎಂದರೇನು, ಅದರ ಮೂಲ ಯಾವುದು, ನಿಯಮಕ್ಕೂ ಧರ್ಮಕ್ಕೂ ಇರುವ ಸಂಬಂಧವೇನು ಎಂದು ಆರಂಭಿಸಿದೆ. ಸಾಹೇಬರು ಅಂಗೈ ಎತ್ತಿ ತಡೆದರು.

"ಫೌಜದಾರರೇ, ನನಗೆ ಒಂದೇ ಸಂದೇಹ. ಚಾಲಕ ಸಾಯುವ ಸ್ಥಿತಿಯಲ್ಲಿದ್ದದ್ದು ನಿಜವಾದರೆ ಹವಾಲ್ದಾರರು ಮಾಡಿದ್ದು ಸರಿ. ಆದರೆ ಅವನ ಇಲಾಖೆ, ಅವನೇ ಬಸ್ಸು ನಡೆಸಿದ, ಅವನಿಗೆ ಏನೂ ಆಗಿರಲಿಲ್ಲ ಅನ್ನುತ್ತೆ. ಈ ಜನರ ಮಾತು ನಂಬೋಣವೆಂದರೆ, ಹಾರ ಹಿಡಿದುಕೊಂಡು ಬಂದ ಸಾಕ್ಷಿಯನ್ನು ಯಾವ ಅಧಿಕಾರಿ ನಂಬುತ್ತಾನೆ ಹೇಳಿ?"

ಹಲಗೆಯವನು ಹಲಗೆಯನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದ. ತಾವು ತಂದ ಹಾರವೇ ಹವಾಲ್ದಾರರ ಕೊರಳಿಗೆ ಉರುಳಾಗುತ್ತಿದೆಯೆಂದು ಜನರಿಗೆ ಅರ್ಥವಾದದ್ದು ಆಗಲೇ. ನಾನು ಬಾಯಿ ತೆರೆದರೆ ಹುಸೇನಸಾಬನನ್ನೇ ಕರೆಸಬೇಕಾಗುತ್ತದೆ. ನಾನು ಭೀಮಪ್ಪನವರನ್ನು ನೋಡಿದೆ; ಅವರು ಪಟಕದ ಕೆಳಗಿನಿಂದ ಬೇಡವೆಂದು ತಲೆಯಲ್ಲಾಡಿಸಿದರು.

ಆಗ ಹೊರಗೆ ಬಸ್ಸಿನ ಹಾರ್ನು ಕಿವಿ ಕಿತ್ತುಹೋಗುವಂತೆ ಕೂಗಿತು. ಒಮ್ಮೆಯಲ್ಲ, ನಾಲ್ಕಾರು ಸಲ.

"ಯಾರ್ರೀ ಅದು?" ಎಂದರು ಸಾಹೇಬರು.

"ನಮ್ಮ ಬಸ್ಸರಿ," ಎಂದ ಒಬ್ಬ ಮುಗ್ಧವಾಗಿ. "ತಿರುಗಿ ಹೋಗೂ ಹೊತ್ತಾತು. ಹುಸೇನಣ್ಣ ಕರ್ಯಾಕತ್ತಾನ."

ಭೀಮಪ್ಪ ಕಣ್ಣು ಮುಚ್ಚಿಕೊಂಡರು. ತಾವು ಅಷ್ಟು ಜೋಪಾನವಾಗಿ ಬಚ್ಚಿಟ್ಟ ಮನುಷ್ಯ ಇವರನ್ನೆಲ್ಲ ಕರೆತಂದು ಬಾಗಿಲಲ್ಲೇ ಹಾರ್ನು ಹೊಡೆಯುತ್ತಿದ್ದ. ಸಾಹೇಬರ ಅಪ್ಪಣೆಯಂತೆ ಹುಸೇನಸಾಬ ಒಳಗೆ ಬಂದು, ಹಾರ ಪಟಕಗಳ ಭೀಮಪ್ಪನವರನ್ನು ಕಂಡು ನಗಬೇಕೋ ಅಳಬೇಕೋ ತಿಳಿಯದೆ ನಿಂತ.

"ಆ ದಿನ ಬಸ್ಸು ನಡೆಸಿದವರು ಯಾರು?"

ಅವನು ನೆಲ ನೋಡಿದ. ತನ್ನ ಮನೆ, ಮಕ್ಕಳು, ನೌಕರಿ ಎಲ್ಲ ಆ ನೆಲದ ಮೇಲೆ ಹರಡಿದ್ದವೇನೋ.

"ನಾನರಿ," ಎಂದ.

"ಏ ಹುಸೇನ್ಯಾ," ಎಂದಳು ನಿಂಗವ್ವ. "ನನ್ನ ಹೊಸಾ ಸೀರಿ ಮ್ಯಾಲೆ ವಾಂತಿ ಮಾಡ್ಕೊಂಡಾವ ಯಾವಾಗ ಎದ್ದು ಬಸ್ ಹೊಡದ್ಯೋ? ಸೀರಿ ಇನ್ನಾ ತೊಳ್ಯಾಕತ್ತೇನಿ ನಾ."

ಬಂಗಲೆಯ ಹಂಚು ಹಾರುವಂತೆ ಜನ ನಕ್ಕರು. ಸಾಹೇಬರು ಮೇಜಿನ ಕೆಳಗೆ ಪೆನ್ನು ಹುಡುಕುವ ನೆಪದಲ್ಲಿ ಬಗ್ಗಿದರು. ಪೆನ್ನು ಅವರ ಕೈಯಲ್ಲೇ ಇತ್ತು. ಹುಸೇನಸಾಬನಿಗೂ ನಗು ಬಂತು. ನಗುನಗುತ್ತಲೇ ಅವನು ಭೀಮಪ್ಪನವರ ಪಕ್ಕಕ್ಕೆ ಬಂದು ನಿಂತ.

"ನಾ ಅವತ್ತ ಹೆಣ ಇದ್ನಿ ಸಾಹೇಬ್ರ. ಹೆಣ ಹೆಂಗ ಬಸ್ ಹೊಡೀತೈತಿ? ಖರೇ ಹೇಳಿದ್ರ ನನ್ನೂ ಸಸ್ಪೆಂಡ್ ಮಾಡ್ತಾರಂತ ಬಾಯಿ ಮುಚ್ಕೊಂಡಿದ್ನಿ. ಹವಾಲ್ದಾರ್ರೂ ಮುಚ್ಕೊಂಡಿದ್ರು. ಅವ್ರು ಮುಚ್ಕೊಂಡದ್ದು ನನ್ನ ಸಲುವಾಗಿ, ನಾ ಮುಚ್ಕೊಂಡದ್ದೂ ನನ್ನ ಸಲುವಾಗಿನ."

ಸಾಹೇಬರು ಬಹಳ ಹೊತ್ತು ಬರೆದುಕೊಂಡರು. ಆಮೇಲೆ ಭೀಮಪ್ಪನವರನ್ನು ಕೇಳಿದರು: "ಕೈದಿ ಓಡಿಹೋಗಿದ್ದರೆ ಏನ್ರೀ ಮಾಡ್ತಿದ್ರಿ?"

"ಸಸ್ಪೆಂಡ್ ಆಗತಿದ್ನಿರಿ."

"ಈಗಲೂ ಆಗಿದ್ದೀರಿ."

"ಹೌದ್ರಿ. ಬೇಡಿ ತೆಗೀದ ಕುಂತಿದ್ರ ಹುಸೇನ ಸಾಯತಿದ್ದ, ನಾ ಸಸ್ಪೆಂಡ್ ಆಗತಿರಲಿಲ್ಲ. ಡ್ಯೂಟಿ ಬರೋಬರಿ ಆಗೇತಿ ಅಂತಿದ್ರು."

ವರ್ಷಗಟ್ಟಲೆ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ನಾನು ಮೆಲ್ಲಗೆ ನನ್ನ ಟಿಪ್ಪಣಿಗಳನ್ನು ಮಡಚಿಟ್ಟೆ. ಕಟ್ಟೆಯ ಮೇಲೆ ಕರ್ತವ್ಯ ನಿರ್ವಹಿಸಿದ ಕೊನೆಯ ಆಪಾದನೆ ಮಾತ್ರ ಉಳಿದಿತ್ತು. ಸಾಹೇಬರು ಅದನ್ನು ಗಟ್ಟಿಯಾಗಿ ಓದಿ, ಇನ್ನೊಮ್ಮೆ ಓದಿ, "ಇದನ್ನು ಆಪಾದನೆ ಅಂತ ಬರೆದವರನ್ನು ನೋಡಬೇಕು ಅನಿಸುತ್ತೆ," ಎಂದಷ್ಟೇ ಹೇಳಿ ಊಟಕ್ಕೆ ಎದ್ದರು. ಊಟ ನಿಂಗವ್ವನ ಬುತ್ತಿಯದು: ಸಜ್ಜೆ ರೊಟ್ಟಿ, ಕೆಂಪು ಖಾರ, ಮೊಸರು. ಆಪಾದಿತ, ಸಾಕ್ಷಿ, ವಿಚಾರಣಾಧಿಕಾರಿ ಒಂದೇ ಸಾಲಿನಲ್ಲಿ ಕುಳಿತು ಉಂಡರು. ಖಾರಕ್ಕೆ ಸಾಹೇಬರ ಕಣ್ಣಲ್ಲಿ ನೀರು ಬಂದಾಗ, ತೀರ್ಪು ನಮ್ಮ ಕಡೆಗಾಯಿತೆಂದು ಜನ ಮಾತಾಡಿಕೊಂಡರು.

ಅಮಾನತು ರದ್ದಾಯಿತು. ಬೇಡಿಯ ವಿಷಯದಲ್ಲಿ ಇನ್ನು ಮುಂದೆ ಎಚ್ಚರದಿಂದಿರಬೇಕೆಂದು ತಿಳಿವಳಿಕೆ ನೀಡಿ, ಅಮಾನತಿನ ಅವಧಿಯನ್ನು ಕರ್ತವ್ಯದ ಅವಧಿಯೆಂದೇ ಪರಿಗಣಿಸಲಾಯಿತು. ಹೀಗೆ ಕಟ್ಟೆಯ ಮೇಲೆ ಎಮ್ಮೆಯ ವ್ಯಾಜ್ಯ ಹರಿದದ್ದೂ ಸರಕಾರಿ ಕೆಲಸವೇ ಆಯಿತು. ಮರಳಿ ಖಾಕಿ ತೊಟ್ಟ ಭೀಮಪ್ಪನವರಿಗೆ ಬಂದ ಮೊದಲ ಕೆಲಸವೇ ಇನ್ನೊಬ್ಬ ಕೈದಿಯನ್ನು ಬಸ್ಸಿನಲ್ಲಿ ಒಯ್ಯುವುದು. ಹೊರಡುವ ಮುನ್ನ ಅವರು ಆ ಕೈದಿಯನ್ನು ಗಂಭೀರವಾಗಿ ಕೇಳಿದ್ದನ್ನು, ಅಂದು ರಾಮದುರ್ಗಕ್ಕೆ ಹೋಗಿದ್ದ ನಾನೇ ಕೇಳಿಸಿಕೊಂಡೆ.

"ಗಾಡಿ ಹೊಡ್ಯಾಕ ಬರ್ತೈತೇನಲೇ?"

"ಇಲ್ರಿ."

"ಭೇಷ್. ನಡಿ."

ಕೆಲವು ತಿಂಗಳ ಮೇಲೆ ಅವರು ಖಾಕಿಯಲ್ಲೇ ನಿವೃತ್ತರಾಗಿ ಊರಿಗೆ ಹೋದರು. ಹುಸೇನಸಾಬನ ಭಯವೂ ಸುಳ್ಳಾಗಲಿಲ್ಲ. ಅವನ ಇಲಾಖೆ ಅವನನ್ನು ಕೆಲಕಾಲ ಅಮಾನತಿನಲ್ಲಿಟ್ಟಿತು. ಸುದ್ದಿ ಮುಟ್ಟಿದ ಕೂಡಲೇ ನಿಂಗವ್ವ ಕಿತ್ತೂರಿನವರೆಗೆ ನನ್ನನ್ನು ಹುಡುಕಿಕೊಂಡು ಬಂದಳು. ವಿಚಾರಣೆ ಎಲ್ಲಿ, ಈ ಸಲ ಹಾರ ತರಬೇಕೋ ಬೇಡವೋ ಎಂದು ಕೇಳಿಕೊಂಡು ಹೋಗಲು. ಬೇಡವೆಂದೆ. ಅವಳು ಹಾರವಿಲ್ಲದೆ ಹೋಗಿ, ಆ ಸೀರೆಯನ್ನು ಒಯ್ದು ಅಧಿಕಾರಿಯ ಮೇಜಿನ ಮೇಲೆ ಹರವಿದಳಂತೆ. ಹುಸೇನಸಾಬ ಮರಳಿ ಅದೇ ಬಸ್ಸಿಗೆ ಬಂದ.

ಈಗ ಬೇಡಿಯ ಕಟ್ಟಳೆಗಳು ಬದಲಾಗಿವೆ, ಠಾಣೆಗಳಿಗೆ ವಾಹನಗಳು ಬಂದಿವೆ, ಅಮಾನತನ್ನು ಆಗಾಗ ಮರುಪರಿಶೀಲಿಸಬೇಕೆಂಬ ನಿಯಮವೂ ಇದೆ. ಸಂತೋಷ. ಆದರೆ ಮನುಷ್ಯನ ಬಾಯಿ ಮುಚ್ಚಿಸುವ ಅದರ ಶಕ್ತಿ ತಗ್ಗಿಲ್ಲ. ಅಮಾನತಿನ ಭಯದಿಂದ ಒಬ್ಬ ಸುಮ್ಮನಾಗುತ್ತಾನೆ, ಅವನನ್ನು ಉಳಿಸಲು ಇನ್ನೊಬ್ಬ ಸುಮ್ಮನಾಗುತ್ತಾನೆ, ನಡೆದದ್ದೇನೆಂದು ಗೊತ್ತಿರುವ ಊರೆಲ್ಲ ಬಾಗಿಲ ಹೊರಗೆ ನಿಂತಿರುತ್ತದೆ.

ಆದುದರಿಂದ ಈ ವೃತ್ತಿಗೆ ಕಾಲಿಡುತ್ತಿರುವ ನಿಮ್ಮಲ್ಲಿ ನನ್ನದೊಂದೇ ಬೇಡಿಕೆ. ನಿಮ್ಮ ಠಾಣೆಯಲ್ಲಿ ಯಾರಾದರೂ ಅಮಾನತಿನಲ್ಲಿದ್ದರೆ, ಈ ವಾರವೇ ಅವರ ಮನೆಗೆ ಹೋಗಿ. ಹೊಸ್ತಿಲಲ್ಲಿ ನಿಲ್ಲದೆ ಒಳಗೆ ಕುಳಿತು, ಆ ದಿನ ಏನಾಯಿತೆಂದು ಅವರ ಬಾಯಿಂದಲೇ ಕೇಳಿ. ಮುಂದೊಂದು ದಿನ ಅಮಾನತಿಗೆ ಸಹಿ ಹಾಕುವ ಅಧಿಕಾರ ನಿಮ್ಮ ಕೈಗೆ ಬಂದರೆ, ಸಹಿ ಹಾಕುವ ಮೊದಲೇ ಹೋಗಿ ಬನ್ನಿ.